ನಲವತ್ತೈದರಿಂದಲೇ ತಯಾರಿ: ಬದಲಾಗುತ್ತಿರುವ ಕೆಲಸ, ಉದ್ದವಾಗುತ್ತಿರುವ ಬದುಕು

ಜರ್ಮನಿ 1889ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ಅದು ಸಿಗುತ್ತಿದ್ದದ್ದು 70 ತುಂಬಿದವರಿಗೆ. 1916ರಲ್ಲಿ ಆ ವಯಸ್ಸನ್ನು 65ಕ್ಕೆ ಇಳಿಸಿದರು. ಆಗ ಅಷ್ಟು ವಯಸ್ಸಿನವರೆಗೆ ಬದುಕುತ್ತಿದ್ದವರೇ ಕಡಿಮೆ. ಇಂದು ಜಗತ್ತಿನ ಸರಾಸರಿ ತೆಗೆದುಕೊಂಡರೂ 60 ತುಂಬಿದವರ ಮುಂದೆ ಇನ್ನೂ 20 ವರ್ಷಕ್ಕಿಂತ ಹೆಚ್ಚಿನ ಬದುಕಿದೆ. 2030ರ ಹೊತ್ತಿಗೆ ಭೂಮಿಯ ಮೇಲಿನ ಆರು ಜನರಲ್ಲಿ ಒಬ್ಬರಿಗೆ 60 ದಾಟಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮೊದಲು ಓದು, ಆಮೇಲೆ ದುಡಿಮೆ, ಕೊನೆಗೆ ವಿಶ್ರಾಂತಿ ಎಂಬ ಮೂರು ಭಾಗದ ಲೆಕ್ಕ ಹುಟ್ಟಿದ್ದು ಬದುಕು ಚಿಕ್ಕದಿದ್ದ ಕಾಲದಲ್ಲಿ. ಒಮ್ಮೆ ಕಲಿತ ಕಸುಬು ಕೊನೆಯವರೆಗೂ ನಡೆಯುತ್ತಿದ್ದ ಕಾಲವೂ ಅದೇ.

ಈಗ ಎರಡೂ ಬದಲಾಗಿವೆ. ಹಾಗಾಗಿ ನಿವೃತ್ತಿ ಒಂದು ದಿನ ಹಾರ ಹಾಕಿಸಿಕೊಂಡು ಮುಗಿಸುವ ಸಮಾರಂಭವಲ್ಲ. ಹತ್ತು ಹದಿನೈದು ವರ್ಷ ಮೊದಲೇ ಶುರು ಮಾಡಿ ಮೆಲ್ಲಗೆ ನಡೆಸಬೇಕಾದ ಬದಲಾವಣೆ ಅದು. 45ರಿಂದ 60ರ ನಡುವೆ ಇರುವವರು, ಕಚೇರಿಯಲ್ಲಿರಲಿ, ಕಾರ್ಖಾನೆಯಲ್ಲಿರಲಿ, ಸ್ವಂತ ಕಸುಬಿನಲ್ಲಿರಲಿ, ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡುವುದು ಒಳ್ಳೆಯದು. ಮೊದಲನೆಯದನ್ನು ಮಾಡದೆ ಉಳಿದವುಗಳಿಗೆ ಹಾರಿದರೆ ಊಹೆಯ ಮೇಲೆ ಯೋಜನೆ ಕಟ್ಟಿದಂತಾಗುತ್ತದೆ.

ಹೆಜ್ಜೆ 1: ನಿಮ್ಮ ಕೆಲಸವನ್ನು ಬಿಡಿಬಿಡಿಯಾಗಿ ಬರೆದು ನೋಡಿ

"ನನ್ನ ಕೆಲಸವನ್ನು ಯಂತ್ರ ಕಿತ್ತುಕೊಳ್ಳುತ್ತದೆಯೇ?" ಎಂಬ ಪ್ರಶ್ನೆಗೆ ಉತ್ತರ ಸಿಗದಿರಲು ಕಾರಣ, ಪ್ರಶ್ನೆ ತೀರಾ ದೊಡ್ಡದಾಗಿರುವುದು. 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಅಮೆರಿಕದ ಶೇ. 47ರಷ್ಟು ಉದ್ಯೋಗಗಳಿಗೆ ಯಾಂತ್ರೀಕರಣದ ದೊಡ್ಡ ಅಪಾಯವಿದೆ ಎಂದು ಲೆಕ್ಕ ಹಾಕಿದರು. 2016ರಲ್ಲಿ ಒಇಸಿಡಿ (ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಪ್ರಕಟಿಸಿದ ಇನ್ನೊಂದು ಅಧ್ಯಯನ ಅದನ್ನು ಸುಮಾರು ಶೇ. 9ಕ್ಕೆ ಇಳಿಸಿತು. ಇಷ್ಟೊಂದು ಅಂತರ ಬಂದದ್ದು ಹೇಗೆಂದರೆ, ಮೊದಲನೆಯವರು ಇಡೀ ಉದ್ಯೋಗವನ್ನು ಒಂದು ಘಟಕವಾಗಿ ನೋಡಿದ್ದರು. ಎರಡನೆಯವರು ಆ ಉದ್ಯೋಗದಲ್ಲಿ ಜನ ನಿಜಕ್ಕೂ ಮಾಡುವ ಬಿಡಿ ಕೆಲಸಗಳನ್ನು ನೋಡಿದರು. ನೀವೂ ನೋಡಬೇಕಾದದ್ದು ಬಿಡಿ ಕೆಲಸಗಳನ್ನೇ.

ಎರಡು ವಾರ ಒಂದು ನೋಟ್‌ಬುಕ್ ಜೊತೆಗಿಟ್ಟುಕೊಳ್ಳಿ. ಪ್ರತಿ ಅರ್ಧ ಗಂಟೆಗೊಮ್ಮೆ ಏನು ಮಾಡಿದಿರಿ ಎಂದು ಒಂದೇ ಸಾಲು ಬರೆಯಿರಿ. ಸಂಜೆ ಕೂತು ನೆನಪಿನಿಂದ ಬರೆಯಬೇಡಿ. ನೆನಪು ದೊಡ್ಡ ಕೆಲಸಗಳನ್ನು ಮಾತ್ರ ಇಟ್ಟುಕೊಂಡು ಚಿಕ್ಕವನ್ನು ಬಿಟ್ಟುಬಿಡುತ್ತದೆ. ತಿಂಗಳ ಕೊನೆಯ, ವರ್ಷದ ಕೊನೆಯ ಕೆಲಸಗಳು ಈ ಎರಡು ವಾರದಲ್ಲಿ ಬಾರದೆ ಹೋಗಬಹುದು, ಅವನ್ನು ಬೇರೆಯಾಗಿ ಸೇರಿಸಿ. ಸಾಮಾನ್ಯವಾಗಿ 20ರಿಂದ 30 ಬಗೆಯ ಕೆಲಸ ಪಟ್ಟಿಯಲ್ಲಿ ಬರುತ್ತವೆ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ವಾರಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ, ಅದಕ್ಕೆ ಬೇಕಾದ ಮಾಹಿತಿ ಎಲ್ಲಿಂದ ಬರುತ್ತದೆ, ತಪ್ಪಾದರೆ ಯಾರು ಹೊಣೆ.

ಈಗ ಮೂರು ಬಣ್ಣದ ಪೆನ್ನು ಹಿಡಿಯಿರಿ. ಮಾಹಿತಿ ಈಗಾಗಲೇ ಕಂಪ್ಯೂಟರಿನಲ್ಲೇ ಇದ್ದು, ನಿಯಮ ಸ್ಪಷ್ಟವಿದ್ದು, ತಪ್ಪಾದರೂ ಸುಲಭವಾಗಿ ತಿದ್ದಬಹುದಾದ ಕೆಲಸಗಳಿಗೆ ಒಂದು ಬಣ್ಣ. ಇವು ಯಂತ್ರದ ಪಾಲಾಗುವುದು ಬಹುತೇಕ ಖಚಿತ. ಯಂತ್ರ ಕರಡು ತಯಾರಿಸಿ ಮನುಷ್ಯ ಪರಿಶೀಲಿಸಬೇಕಾದವುಗಳಿಗೆ ಎರಡನೆಯ ಬಣ್ಣ. ಜಾಗದಲ್ಲಿ ಖುದ್ದು ಇದ್ದು ಕೈಯಿಂದ ಮಾಡಬೇಕಾದದ್ದು, ಕೋಪಗೊಂಡ ಗಿರಾಕಿಯನ್ನು ಸಮಾಧಾನ ಮಾಡುವುದು, ಸಹಿ ಹಾಕಿ ಹೊಣೆ ಹೊರುವುದು, ಇಂಥವಕ್ಕೆ ಮೂರನೆಯದು.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ನೇಮಕಾತಿ ಪತ್ರದಲ್ಲಿರುವ ಕೆಲಸವನ್ನು ಬರೆಯುತ್ತಾರೆ, ನಿಜವಾಗಿ ಮಾಡುತ್ತಿರುವುದನ್ನು ಬರೆಯುವುದಿಲ್ಲ. ಅಂಕಿಯೊಂದು ಎಂದಿನಂತಿಲ್ಲ ಎಂದು ಕಣ್ಣಿಗೆ ಬಿದ್ದು ವಿಚಾರಿಸಿದ್ದು, ಎರಡು ವಿಭಾಗಗಳ ನಡುವಿನ ಮನಸ್ತಾಪವನ್ನು ಒಂದು ಫೋನ್ ಕರೆಯಲ್ಲಿ ಬಗೆಹರಿಸಿದ್ದು, ಹೊಸಬರಿಗೆ ಹೇಳಿಕೊಟ್ಟದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅನುಭವದ ಬೆಲೆ ಕೂತಿರುವುದು ಅಲ್ಲೇ. ಅದು ಬಿಟ್ಟುಹೋದರೆ ನಿಮ್ಮ ಪಟ್ಟಿ ನಿಮ್ಮನ್ನು ಇರುವುದಕ್ಕಿಂತ ಅಗ್ಗವಾಗಿ ತೋರಿಸುತ್ತದೆ.

ಒಂದು ಬಣ್ಣ ಹೆಚ್ಚಾಯಿತೆಂದು ಗಾಬರಿಯಾಗುವುದೂ ಬೇಡ, ಕಡಿಮೆಯಾಯಿತೆಂದು ನಿಶ್ಚಿಂತರಾಗುವುದೂ ಬೇಡ. ಎಟಿಎಂ ಬಂದಾಗ ಬ್ಯಾಂಕಿನ ಕೌಂಟರ್ ಸಿಬ್ಬಂದಿಯ ಕತೆ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು. ಅಮೆರಿಕದಲ್ಲಿ ಒಂದೊಂದು ಶಾಖೆಗೆ ಬೇಕಾದ ಸಿಬ್ಬಂದಿ ಕಡಿಮೆಯಾದದ್ದು ನಿಜ. ಆದರೆ ಶಾಖೆ ನಡೆಸುವ ಖರ್ಚು ಇಳಿದದ್ದರಿಂದ ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು, ಒಟ್ಟು ಸಿಬ್ಬಂದಿಯ ಸಂಖ್ಯೆ ದಶಕಗಳ ಕಾಲ ಕುಸಿಯಲಿಲ್ಲ. ಹಣ ಎಣಿಸುವ ಕೆಲಸ ಹೋಗಿ ಗಿರಾಕಿಯೊಂದಿಗೆ ಮಾತಾಡುವ ಕೆಲಸ ಬಂತು. ಆಮೇಲೆ ಬ್ಯಾಂಕೇ ಮೊಬೈಲಿನೊಳಕ್ಕೆ ಬಂದಾಗ ಸಂಖ್ಯೆ ಇಳಿಯತೊಡಗಿತು. ಮೊದಲ ಅಲೆ ದಾಟಿದವರನ್ನು ಎರಡನೆಯದು ಮುಟ್ಟಬಹುದು. ಅದಕ್ಕೇ ಈ ಪಟ್ಟಿಯನ್ನು ವರ್ಷಕ್ಕೊಮ್ಮೆ ಮತ್ತೆ ಬರೆಯಬೇಕು.

ಹೆಜ್ಜೆ 2: ಒಂದೇ ಉಪಕರಣ, ನಿಮ್ಮದೇ ಕೆಲಸದ ಮೇಲೆ

ವಯಸ್ಸಾದಂತೆ ಕಲಿಯಲಾಗುವುದಿಲ್ಲ ಎಂಬ ಮಾತು ಅರ್ಧ ಮಾತ್ರ ಸರಿ. ಹೊಸ ಮಾಹಿತಿಯನ್ನು ಮಿದುಳು ಸಂಸ್ಕರಿಸುವ ವೇಗ ಇಪ್ಪತ್ತರ ಹರೆಯ ಕಳೆದ ಮೇಲೆ ಮೆಲ್ಲಗೆ ಇಳಿಯುತ್ತದೆ. ಶಬ್ದ ಸಂಪತ್ತು ಮತ್ತು ಕಸುಬಿನ ತಿಳಿವಳಿಕೆ ಅರವತ್ತರವರೆಗೂ ಗಟ್ಟಿಯಾಗಿಯೇ ಇರುತ್ತವೆ, ಬೆಳೆಯುವುದೂ ಉಂಟು. ಆದ್ದರಿಂದ ಇಪ್ಪತ್ತೈದರ ಹುಡುಗರ ಜೊತೆ ವೇಗದಲ್ಲಿ ಪೈಪೋಟಿಗೆ ಇಳಿಯಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಹೊಸ ಉಪಕರಣವನ್ನು ಪ್ರಯೋಗಿಸಿ.

ಪಟ್ಟಿಯಿಂದ ಎರಡನೆಯ ಬಣ್ಣದ ಒಂದು ಕೆಲಸ ಆರಿಸಿ. ಅದಕ್ಕೆ ಬೇಕಾದ ಒಂದೇ ಒಂದು ಉಪಕರಣವನ್ನು ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ, ಆರು ವಾರ ಬಳಸಿ. ಭಾನುವಾರ ಒಂದೇ ದಿನ ಮೂರು ಗಂಟೆ ಕೂರುವುದಕ್ಕಿಂತ ಇದು ಮೇಲು. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆತುಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಕಲಿತದ್ದನ್ನು ಮರುದಿನ, ಮೂರನೆಯ ದಿನ, ವಾರದ ಮೇಲೆ, ಮೂರು ವಾರದ ಮೇಲೆ ಟಿಪ್ಪಣಿ ನೋಡದೆ ಮತ್ತೆ ಮಾಡಿ, ನೆನಪಿನಲ್ಲಿ ನಿಲ್ಲುತ್ತದೆ. ಹೇಳಿಕೊಡುವವರು ಮೌಸ್ ಮುಟ್ಟಬಾರದು, ಫೋನನ್ನು ನಿಮ್ಮ ಕೈಯಿಂದ ತೆಗೆದುಕೊಳ್ಳಬಾರದು. ಇದು ಕಟ್ಟುನಿಟ್ಟಿನ ನಿಯಮವಾಗಿರಲಿ. ಅವರ ಬೆರಳು ಓಡಿದ್ದನ್ನು ನೋಡಿ ನಿಮಗೆ ಅರ್ಥವಾಯಿತು ಎನಿಸುತ್ತದೆ, ಮರುದಿನ ಮೊದಲ ಗುಂಡಿ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಹಂತಗಳನ್ನು ನಿಮ್ಮ ಮಾತಿನಲ್ಲಿ ನೀವೇ ಬರೆದುಕೊಳ್ಳಿ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ, ಸಾರಾಂಶ ಮಾಡುವ, ಲೆಕ್ಕ ಜೋಡಿಸುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಎಲ್ಲ ಕಡೆ ಹಬ್ಬಿವೆ. ಇವುಗಳ ಮುಂದೆ ಅನುಭವಸ್ಥರಿಗೆ ದೊಡ್ಡ ಅನುಕೂಲವಿದೆ: ಉತ್ತರ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅವರೇ. ಅದನ್ನು ಹೀಗೆ ಬಳಸಿಕೊಳ್ಳಿ. ಉತ್ತರ ನಿಮಗೆ ಈಗಾಗಲೇ ಗೊತ್ತಿರುವ ಹತ್ತು ಹಳೆಯ ಕೆಲಸಗಳನ್ನು ಉಪಕರಣಕ್ಕೆ ಕೊಡಿ. ಬಂದ ಉತ್ತರವನ್ನು ನಿಮ್ಮ ಹಳೆಯ ಉತ್ತರದ ಪಕ್ಕದಲ್ಲಿಟ್ಟು ತಪ್ಪುಗಳನ್ನು ಬಗೆ ಬಗೆಯಾಗಿ ಗುರುತು ಹಾಕಿಕೊಳ್ಳಿ. ಇಲ್ಲದ ಸಂಗತಿಯನ್ನು ಇದ್ದಂತೆ ಹೇಳಿತೇ? ಹೆಸರು, ದಿನಾಂಕ, ಅಳತೆಯ ಮಾನ ಬದಲಾಯಿತೇ? ಹಳೆಯ ನಿಯಮ ಬಳಸಿತೇ? ಮುಖ್ಯವಾದ ಒಂದು ಷರತ್ತನ್ನು ನುಂಗಿತೇ? ಹತ್ತು ಮುಗಿಯುವ ಹೊತ್ತಿಗೆ ಯಾವ ಜಾಗದಲ್ಲಿ ಅದನ್ನು ನಂಬಬಾರದು ಎಂಬ ಸಣ್ಣ ಪಟ್ಟಿ ನಿಮ್ಮಲ್ಲಿರುತ್ತದೆ. ಕಚೇರಿಯಲ್ಲಿ ಅದಕ್ಕೆ ಪ್ರಮಾಣಪತ್ರಕ್ಕಿಂತ ಹೆಚ್ಚಿನ ಬೆಲೆಯಿದೆ. ಗಿರಾಕಿಗಳ ಹೆಸರು, ರೋಗಿಗಳ ವಿವರ, ಸಂಸ್ಥೆಯ ಗುಟ್ಟಿನ ಲೆಕ್ಕ ಮಾತ್ರ ಈ ಪರೀಕ್ಷೆಗೆ ಹಾಕಬಾರದು; ಹೆಸರು ಅಳಿಸಿ, ಅಂಕಿ ಬದಲಿಸಿ ಕೊಡಿ. ಉಪಕರಣದ ಹೊಸ ಆವೃತ್ತಿ ಬಂದಾಗಲೆಲ್ಲ ಅದೇ ಹತ್ತನ್ನು ಮತ್ತೆ ಕೊಟ್ಟು ನೋಡಿ.

ಹೆಜ್ಜೆ 3: ಕಣ್ಣು, ಕಿವಿ, ಕುರ್ಚಿ

"ಕಂಪ್ಯೂಟರ್ ನನಗೆ ಒಗ್ಗುವುದಿಲ್ಲ" ಎನ್ನುವವರಲ್ಲಿ ಹಲವರ ನಿಜವಾದ ತೊಂದರೆ ಕಣ್ಣಿನದು. ಹತ್ತಿರದ ದೃಷ್ಟಿ 40ರಿಂದ 45ರ ಹೊತ್ತಿಗೆ ಮಂದವಾಗತೊಡಗುತ್ತದೆ. 60ರ ಕಣ್ಣಿನ ಅಕ್ಷಿಪಟಲವನ್ನು ತಲುಪುವ ಬೆಳಕು 20ರವರಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಅಂದರೆ ಕಿರಿಯರಿಗೆ ಸಾಕೆನಿಸುವ ಬೆಳಕು ನಿಮಗೆ ಸಾಲದು. ಮೇಜಿನ ಮೇಲೆ ಬೇರೆ ದೀಪ ಇಡಿ. ಕಿಟಕಿ ಪಕ್ಕಕ್ಕಿರಲಿ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದಿದ್ದರೆ ಪರದೆಯಲ್ಲಿ ಹೊಳೆಯುತ್ತದೆ.

ಪರದೆ ಒಂದು ತೋಳಿನಷ್ಟು, 50ರಿಂದ 70 ಸೆಂಟಿಮೀಟರ್ ದೂರದಲ್ಲಿರಲಿ, ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಿರಲಿ. ಅಕ್ಷರವನ್ನು ಶೇ. 125 ಅಥವಾ 150ಕ್ಕೆ ಹಿಗ್ಗಿಸಲು ಸಂಕೋಚ ಬೇಡ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಇನ್ನೊಂದು ತೊಡಕಿದೆ. ಹತ್ತಿರ ನೋಡುವ ಭಾಗ ಗಾಜಿನ ಕೆಳಗಡೆ ಇರುವುದರಿಂದ ಗಲ್ಲ ಮೇಲೆತ್ತಿ ಓದುತ್ತಾರೆ, ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ. ಪರದೆಯನ್ನು ಇನ್ನಷ್ಟು ತಗ್ಗಿಸಿ. ಅದೂ ಸಾಲದಿದ್ದರೆ ಕಣ್ಣಿನಿಂದ ಪರದೆಗಿರುವ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ ಆ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿ.

ಆನ್‌ಲೈನ್ ಸಭೆಗಳಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್ ಬದಲು ಎರಡೂ ಕಿವಿಗೆ ಹಾಕುವ ಹೆಡ್‌ಸೆಟ್ ಬಳಸಿ, ಮಾತು ಅಕ್ಷರವಾಗಿ ಮೂಡುವ ಸೌಲಭ್ಯ ಇದ್ದರೆ ಅದನ್ನೂ ಹಾಕಿಕೊಳ್ಳಿ. ಕಿವಿ ಮಂದವೆನಿಸಿದರೆ ಪರೀಕ್ಷೆಯನ್ನು ಮುಂದೂಡಬೇಡಿ. ಮರೆಗುಳಿತನದ ಅಪಾಯವನ್ನು ಹೆಚ್ಚಿಸುವ, ಆದರೆ ನಾವು ತಡೆಯಬಹುದಾದ ಕಾರಣಗಳಲ್ಲಿ ಶ್ರವಣದೋಷವೂ ಒಂದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ ಪಟ್ಟಿ ಮಾಡಿದೆ. ಮೈಮುರಿದು ದುಡಿಯುವವರು ಭಾರದ ವಸ್ತುಗಳನ್ನು ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರುವ ಎತ್ತರದಲ್ಲಿ ಜೋಡಿಸಿಟ್ಟುಕೊಂಡರೆ ಸೊಂಟ ಉಳಿಯುತ್ತದೆ.

ಹೆಜ್ಜೆ 4: ಒಮ್ಮೆಲೆ ಬಿಡುವ ಬದಲು ಇಳಿಸುತ್ತಾ ಬನ್ನಿ

ವಾರಕ್ಕೆ ಐದು ದಿನದಿಂದ ನಾಲ್ಕು, ಆಮೇಲೆ ಮೂರು ಎಂದು ಎರಡು ಮೂರು ವರ್ಷದಲ್ಲಿ ಇಳಿಯುವುದು ಸಾಧ್ಯವಿದ್ದಲ್ಲೆಲ್ಲ ಒಳ್ಳೆಯದು. ಕೇಳುವ ಮೊದಲು ಒಂದು ಪುಟದ ಟಿಪ್ಪಣಿ ತಯಾರಿಸಿ: ಹೆಜ್ಜೆ 1ರ ಪಟ್ಟಿಯಿಂದ ಯಾವ ಕೆಲಸ ನಿಮ್ಮಲ್ಲೇ ಉಳಿಯುತ್ತದೆ, ಯಾವುದು ಯಾರಿಗೆ ಹೋಗುತ್ತದೆ, ಯಾವುದನ್ನು ನಿಲ್ಲಿಸಬಹುದು. ಆರು ತಿಂಗಳ ಪ್ರಯೋಗ ಎಂದು ಕೇಳಿದರೆ ಒಪ್ಪುವುದು ಮೇಲಿನವರಿಗೂ ಸುಲಭ. ಯಾವುದು ಹೋಗುತ್ತದೆ ಎಂದು ಬರೆಯದೆ ದಿನ ಮಾತ್ರ ಕಡಿಮೆ ಮಾಡಿಸಿಕೊಂಡರೆ ಐದು ದಿನದ ಕೆಲಸವನ್ನು ನಾಲ್ಕು ದಿನದ ಸಂಬಳಕ್ಕೆ ಮಾಡುತ್ತೀರಿ.

ಸಹಿ ಹಾಕುವ ಮುನ್ನ ಎರಡು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಪಿಂಚಣಿಯನ್ನು ಕೊನೆಯ ವರ್ಷಗಳ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆಯೇ? ಹಾಗಿದ್ದರೆ ಈಗ ಸಂಬಳ ಇಳಿದರೆ ಜೀವನಪೂರ್ತಿ ಪಿಂಚಣಿ ಇಳಿಯುತ್ತದೆ; ಆಗ ದಿನ ಇಳಿಸುವುದಕ್ಕಿಂತ ಪೂರ್ಣ ಕೆಲಸ ಮುಗಿಸಿ ಹೊಸ ಒಪ್ಪಂದದಲ್ಲಿ ಮರಳುವುದು ಲಾಭವಾಗಬಹುದು. ಆರೋಗ್ಯ ವಿಮೆಗೆ ವಾರಕ್ಕೆ ಇಂತಿಷ್ಟು ಗಂಟೆ ದುಡಿದಿರಬೇಕೆಂಬ ಷರತ್ತಿದೆಯೇ?

ಆ್ಯಪ್ ಮೂಲಕ ಸಿಗುವ ಬಿಡಿ ಕೆಲಸಕ್ಕೆ ಇಳಿಯುವವರು ಗಂಟೆಯ ಗಳಿಕೆಯನ್ನು ಸರಿಯಾಗಿ ಲೆಕ್ಕ ಹಾಕಬೇಕು. ಕೈಗೆ ಬಂದ ಮೊತ್ತದಿಂದ ಆ್ಯಪಿನ ಕಮಿಷನ್, ಇಂಧನ, ಉಪಕರಣದ ಸವೆತ, ತೆರಿಗೆ, ವಿಮೆ ಕಳೆಯಿರಿ. ಉಳಿದದ್ದನ್ನು ಕೆಲಸ ಮಾಡಿದ ಗಂಟೆಯಿಂದ ಮಾತ್ರವಲ್ಲ, ಕಾಯುತ್ತಾ ಕೂತ ಗಂಟೆಯನ್ನೂ ಕೂಡಿಸಿ ಭಾಗಿಸಿ. ಎರಡು ವಾರದ ಲೆಕ್ಕ ಸಾಕು, ಜಾಹೀರಾತಿನ ಅಂಕಿಗೂ ನಿಮ್ಮ ಅಂಕಿಗೂ ಎಷ್ಟು ಅಂತರವಿದೆ ಎಂಬುದು ಕಾಣುತ್ತದೆ. ಖಾತೆ ಯಾವ ದಿನವಾದರೂ ಸ್ಥಗಿತವಾಗಬಹುದು ಎಂದೇ ತಿಳಿದು ಕೆಲಸದ ದಾಖಲೆ, ಪಾವತಿ ರಸೀದಿ, ಗಿರಾಕಿಗಳ ಮೆಚ್ಚುಗೆಯ ಪ್ರತಿಗಳನ್ನು ತಿಂಗಳಿಗೊಮ್ಮೆ ನಿಮ್ಮಲ್ಲೇ ಉಳಿಸಿಕೊಳ್ಳಿ.

ಹೆಜ್ಜೆ 5: ಹಣದ ಲೆಕ್ಕ

ಬೆಲೆ ಎಷ್ಟು ವರ್ಷದಲ್ಲಿ ಎರಡು ಪಟ್ಟಾಗುತ್ತದೆ ಎಂದು ತಿಳಿಯಲು 72ನ್ನು ಹಣದುಬ್ಬರದ ದರದಿಂದ ಭಾಗಿಸಿ. ದರ ಶೇ. 6 ಇದ್ದರೆ 12 ವರ್ಷ, ಶೇ. 4 ಇದ್ದರೆ 18 ವರ್ಷ. 60ರಲ್ಲಿ ಆರಾಮವಾಗಿ ಸಾಕಾಗುವ ನಿಶ್ಚಿತ ಪಿಂಚಣಿ, ಬೆಲೆಗೆ ತಕ್ಕಂತೆ ಏರದಿದ್ದರೆ, ಶೇ. 6ರ ಹಣದುಬ್ಬರದಲ್ಲಿ 72ರ ಹೊತ್ತಿಗೆ ಅರ್ಧ ಸಾಮಾನು ಕೊಳ್ಳುತ್ತದೆ, 84ಕ್ಕೆ ಕಾಲು ಭಾಗ.

ಉಳಿತಾಯದಿಂದ ವರ್ಷಕ್ಕೆ ಶೇ. 4 ತೆಗೆಯಬಹುದು ಎಂಬ ಸೂತ್ರ ಎಲ್ಲ ಕಡೆ ಕೇಳಿಬರುತ್ತದೆ. ಅದನ್ನು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಕೊಟ್ಟದ್ದು ಅಮೆರಿಕದ ಮಾರುಕಟ್ಟೆಯ ಇತಿಹಾಸ ನೋಡಿ, 30 ವರ್ಷದ ನಿವೃತ್ತಿಗೆ. ಬೇರೆ ದೇಶಕ್ಕೆ, 35-40 ವರ್ಷದ ಅವಧಿಗೆ ಅದನ್ನು ಹಾಗೇ ಹೊರಿಸಬಾರದು. ಅದಕ್ಕಿಂತ ದೊಡ್ಡ ಅಪಾಯ ಮೊದಲ ವರ್ಷಗಳದ್ದು. 100ರಲ್ಲಿ 5 ಖರ್ಚಿಗೆ ತೆಗೆದಿರಿ, ಅದೇ ವರ್ಷ ಮಾರುಕಟ್ಟೆ ಶೇ. 30 ಬಿತ್ತು ಎನ್ನಿ. ಉಳಿಯುವುದು 66.5. ಅದು ಮತ್ತೆ 100 ಆಗಲು ಶೇ. 50ಕ್ಕಿಂತ ಹೆಚ್ಚು ಏರಬೇಕು, ಆ ನಡುವೆ ನೀವು ತೆಗೆಯುತ್ತಲೇ ಇರುತ್ತೀರಿ. ಅದಕ್ಕೇ ನಿವೃತ್ತಿಯಾಗುವಾಗ ಎರಡು ಮೂರು ವರ್ಷದ ಖರ್ಚಿನ ಹಣ ಏರಿಳಿತವಿಲ್ಲದ ಕಡೆ ಇರಬೇಕು.

ಕೆಲಸ ಬಿಡುವ ಮೊದಲು ಆರು ತಿಂಗಳು ಪಿಂಚಣಿಯಷ್ಟೇ ಹಣದಲ್ಲಿ ಸಂಸಾರ ನಡೆಸಿ, ಉಳಿದ ಸಂಬಳ ಮುಟ್ಟಬೇಡಿ. ಕಾಗದದ ಮೇಲಿನ ಯಾವ ಲೆಕ್ಕಕ್ಕಿಂತಲೂ ಇದು ಖಚಿತ. ಗಂಡ ಹೆಂಡತಿ ಇಬ್ಬರ ಲೆಕ್ಕವನ್ನೂ ಒಟ್ಟಿಗೆ ಹಾಕಿ. ಹೆಂಗಸರು ಸರಾಸರಿಯಲ್ಲಿ ಹೆಚ್ಚು ವರ್ಷ ಬದುಕುತ್ತಾರೆ, ದುಡಿಮೆಯ ನಡುವೆ ಮನೆಗಾಗಿ ಬಿಡುವು ತೆಗೆದುಕೊಂಡಿದ್ದರೆ ಪಿಂಚಣಿ ಕಡಿಮೆಯಿರುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರಿಗೆ ಎಷ್ಟು ಬರುತ್ತದೆ ಎಂಬ ಸಾಲು ಆ ಕಾಗದದಲ್ಲಿ ಇರಲೇಬೇಕು.

ಹೆಜ್ಜೆ 6: ಫೋನ್ ನಂಬರ್, ಇಮೇಲ್, ಪಾಸ್‌ವರ್ಡ್

ಕಚೇರಿಯ ಇಮೇಲ್ ಮತ್ತು ಸಿಮ್ ಕೊನೆಯ ದಿನವೇ ನಿಂತುಹೋಗಬಹುದು. ಬ್ಯಾಂಕು, ವಿಮೆ, ಪಿಂಚಣಿಯ ಒಟಿಪಿ ಬರುತ್ತಿದ್ದದ್ದು ಅದಕ್ಕೇ ಆಗಿದ್ದರೆ ನಿಮ್ಮ ಹಣಕ್ಕೆ ನೀವೇ ಹೊರಗಿನವರಾಗುತ್ತೀರಿ. ಆರು ತಿಂಗಳು ಮೊದಲೇ ಎಲ್ಲ ಖಾತೆಗಳ ಪಟ್ಟಿ ಮಾಡಿ, ಸ್ವಂತ ನಂಬರಿಗೆ ಬದಲಿಸಿ, ಬದಲಿಸಿದ ಮೇಲೆ ಒಂದೊಂದಕ್ಕೂ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಕಡೆ ಭದ್ರವಾಗಿಡುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಫೋನ್ ಕಳೆದರೆ ಖಾತೆ ಮರಳಿ ಪಡೆಯುವ ಸಂಕೇತಗಳನ್ನು ಕಾಗದಕ್ಕೆ ಮುದ್ರಿಸಿ ಬೀಗದಲ್ಲಿಡಿ, ಆ ಕಾಗದ ಎಲ್ಲಿದೆ ಎಂದು ನಂಬಿಕೆಯ ಒಬ್ಬರಿಗೆ ಹೇಳಿ. ಗೂಗಲ್‌ನಲ್ಲಿ ಬಳಕೆ ನಿಂತ ಖಾತೆಯನ್ನು ಯಾರಿಗೆ ತೋರಿಸಬೇಕೆಂದು ಮೊದಲೇ ಸೂಚಿಸುವ ವ್ಯವಸ್ಥೆ ಇದೆ. ಆ್ಯಪಲ್‌ನಲ್ಲೂ ನಿಮ್ಮ ನಂತರ ಖಾತೆ ತೆರೆಯಬಲ್ಲವರನ್ನು ನೇಮಿಸಬಹುದು. ಎರಡಕ್ಕೂ ಸೇರಿ ಅರ್ಧ ಗಂಟೆ ಸಾಕು.

ಹಲವು ದೇಶಗಳಲ್ಲಿ ಹಳೆಯ 2ಜಿ, 3ಜಿ ಜಾಲಗಳನ್ನು ಮುಚ್ಚುತ್ತಿದ್ದಾರೆ. ಅವನ್ನೇ ನಂಬಿಕೊಂಡ ಕೀಪ್ಯಾಡ್ ಫೋನು, ಕೊರಳಿಗೆ ಹಾಕುವ ತುರ್ತು ಗುಂಡಿ ಒಂದು ದಿನ ಸದ್ದಿಲ್ಲದೆ ನಿಂತುಹೋಗುತ್ತವೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕರೆ ಹೋಗುತ್ತದೆಯೇ ನೋಡಿ.

ವಂಚನೆಯ ಬಗೆಯೂ ಬದಲಾಗಿದೆ. ಕೆಲವೇ ಸೆಕೆಂಡುಗಳ ಧ್ವನಿ ಸಿಕ್ಕರೆ ಸಾಕು, ಮಗನದೋ ಮೊಮ್ಮಗಳದೋ ದನಿಯನ್ನು ಯಂತ್ರ ಅನುಕರಿಸುತ್ತದೆ. ಆದ್ದರಿಂದ ದನಿ ಗುರುತಿಸಿದೆ ಎಂಬುದು ಈಗ ಸಾಕ್ಷ್ಯವಲ್ಲ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ನಿಗದಿ ಮಾಡಿಕೊಳ್ಳಿ, ಅದನ್ನು ಚಾಟಿನಲ್ಲಿ ಬರೆಯಬೇಡಿ. ಹಣ ಕೇಳಿದ ಕರೆಯನ್ನು ಕತ್ತರಿಸಿ, ನಿಮ್ಮಲ್ಲಿ ಮೊದಲೇ ಇದ್ದ ನಂಬರಿಗೆ ನೀವೇ ಕರೆ ಮಾಡಿ. "ಈಗಲೇ", "ಯಾರಿಗೂ ಹೇಳಬೇಡಿ" ಎಂಬ ಎರಡು ಮಾತು ಒಟ್ಟಿಗೆ ಬಂದರೆ ಅದು ವಂಚನೆ ಎಂದೇ ತಿಳಿಯಿರಿ.

ಹೆಜ್ಜೆ 7: ದಿನ, ಮೈ, ಮನೆ

ಕುಟುಂಬಗಳು ಚಿಕ್ಕದಾಗಿವೆ, ಮಕ್ಕಳು ದೂರದಲ್ಲಿದ್ದಾರೆ. ಕೆಲಸದ ಜಾಗ ಕೊಡುತ್ತಿದ್ದ ಮಾತುಕತೆಗೆ ಬದಲಿ ತಾನಾಗಿ ಬರುವುದಿಲ್ಲ. ನಿವೃತ್ತಿಗೆ ಒಂದು ವರ್ಷ ಮೊದಲೇ ವಾರದಲ್ಲಿ ಎರಡು ದಿನವಾದರೂ, ನಿಗದಿತ ಹೊತ್ತಿಗೆ, ನೀವು ಬಾರದಿದ್ದರೆ ಯಾರಾದರೂ ಕೇಳುವಂಥ ಕಡೆ ಹೋಗುವ ರೂಢಿ ಮಾಡಿಕೊಳ್ಳಿ: ಪಾಠ ಹೇಳುವುದು, ಸಂಘದ ಲೆಕ್ಕ ಬರೆಯುವುದು, ಸಂಗೀತ, ಯಾವುದಾದರೂ ಸರಿ.

ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹಳ ಜನ ನಡಿಗೆ ಮಾತ್ರ ಮಾಡಿ ಉಳಿದೆರಡನ್ನು ಬಿಡುತ್ತಾರೆ. ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸಲು ಬೇಕಾದದ್ದು ಆ ಉಳಿದೆರಡೇ.

ಸ್ನಾನದ ಮನೆಯ ಹಿಡಿಕೆ, ಜಾರದ ನೆಲ, ಮಂಚದಿಂದ ಶೌಚಾಲಯದವರೆಗೆ ರಾತ್ರಿ ದೀಪ, ಇವನ್ನು ಅಗತ್ಯ ಬೀಳುವ ಮೊದಲೇ ಮಾಡಿಸಿ. ಹಿಡಿಕೆಯನ್ನು ಗೋಡೆಗೆ ಕೊರೆದು ಬಿಗಿಸಬೇಕು. ಗಾಳಿ ಒತ್ತಡದಿಂದ ಅಂಟುವ ಬಗೆಯದು ಮೈಭಾರ ಬಿದ್ದಾಗ ಕಳಚಿಕೊಳ್ಳುತ್ತದೆ. ದೂರದಲ್ಲಿರುವ ಮಕ್ಕಳು ಕ್ಯಾಮೆರಾ ಇಡುತ್ತೇವೆ ಎಂದರೆ ಮೊದಲು ಇದಕ್ಕೆ ಒಪ್ಪಂದವಾಗಲಿ: ಯಾವ ಕೋಣೆಯಲ್ಲಿ, ಯಾರು ಯಾವಾಗ ನೋಡಬಹುದು, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಬೇಡವೆನಿಸಿದಾಗ ಆರಿಸುವ ಗುಂಡಿ ಯಾರ ಕೈಯಲ್ಲಿದೆ. ಮಲಗುವ ಕೋಣೆಗೆ ಮತ್ತು ಸ್ನಾನದ ಮನೆಗೆ ಕ್ಯಾಮೆರಾ ಬೇಡ. ಬಾಗಿಲು ತೆರೆದದ್ದನ್ನು, ಓಡಾಟ ನಿಂತದ್ದನ್ನು ತಿಳಿಸುವ ಸೆನ್ಸರ್ ಅಲ್ಲಿಗೆ ಸಾಕು.